ಇನ್ನೊಂದು ವಾಟಿ ಹಾಲು

ಠಾಣೆಯ ಆಸ್ಪತ್ರೆಯಿಂದ ತಂದ ಸೋನೋಗ್ರಫಿಯ ಕಪ್ಪು ಫೋಟೋವನ್ನು ಆ ಮನೆಯ ನಾಲ್ಕು ಜನ ನಾಲ್ಕು ಥರ ಹಿಡಿದು ನೋಡಿದರು. ಗುರುಪಾದಪ್ಪ ಕನ್ನಡಕ ಒರೆಸಿಕೊಂಡು ಟ್ಯೂಬ್‌ಲೈಟಿನ ಕೆಳಗೆ ಹಿಡಿದ. ಅವನ ಹೆಂಡತಿ ಕಾಳವ್ವ ಕಿಟಕಿಯ ಬೆಳಕಿಗೆ ಹಿಡಿದಳು. ಮಗ ಶಂಕ್ರೆಪ್ಪ ನೆಲದ ಮೇಲಿಟ್ಟು ಬಗ್ಗಿ ನೋಡಿದ. ಕಾಲೇಜಿಗೆ ಹೋಗುವ ಮಗಳು ಸುವರ್ಣಾ ತಲೆಕೆಳಗಾಗಿ ಹಿಡಿದಳು; ನೆಟ್ಟಗೆ ಯಾವುದೆಂದು ಯಾರಿಗೂ ಗೊತ್ತಿಲ್ಲದ್ದರಿಂದ ಯಾರೂ ಅವಳನ್ನು ತಿದ್ದಲಿಲ್ಲ. ಫೋಟೋದೊಳಗಿನ ಕೂಸನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಸೊಸೆ ನೀಲಾಂಬಿಕಾ ಮಾತ್ರ ಅದನ್ನು ಮುಟ್ಟಲೂ ಇಲ್ಲ. ಅಡುಗೆಮನೆಯ ಬಾಗಿಲಿಗೆ ಆತು ನಿಂತು, ಇವರು ಏನು ಹೇಳುತ್ತಾರೋ ಎಂದು ಕಾದಳು.

"ಎರಡ ಗುಳ್ಳಿ ಅದಾವ," ಎಂದಳು ಕಾಳವ್ವ. "ಅಂದ್ರ ಎರಡ ಕೂಸು. ನಾ ಅವತ್ತೇ ಅಂದಿದ್ದೆ, ಇಷ್ಟ ದೊಡ್ಡ ಹೊಟ್ಟಿ ಒಂದ ಕೂಸಿಂದಲ್ಲ ಅಂತ."

"ಅವಳಿ ಅಲ್ಲವ್ವಾ," ಎಂದ ಶಂಕ್ರೆಪ್ಪ. "ಕೂಸು ಒಂದ. ಆ ಕೂಸಿನ ಹೊಟ್ಟ್ಯಾಗ ಎರಡು ಗುಳ್ಳಿ."

"ಕೂಸಿನ ಹೊಟ್ಟ್ಯಾಗ ಗುಳ್ಳಿ ಯಾಕ ಬರತಾವ?"

ಶಂಕ್ರೆಪ್ಪ ಠಾಣೆಯ ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಹಾಜರಿ ಬರೆಯುವ ಕಾರಕೂನ. ಯಾರು ಎಷ್ಟು ನಿಮಿಷ ತಡವಾಗಿ ಬಂದರೆಂದು ಕೇಳಿದರೆ ತಟ್ಟನೆ ಹೇಳುತ್ತಿದ್ದ. ಸೋನೋಗ್ರಫಿ ಮಾಡಿದ ಡಾಕ್ಟರು ಮರಾಠಿ, ಹಿಂದಿ, ಇಂಗ್ಲಿಷು ಮೂರನ್ನೂ ಕಲಸಿ ಹೇಳಿದ್ದನ್ನು ಹೇಳಲು ಮಾತ್ರ ಅವನ ನಾಲಿಗೆ ತೊಡರಿತು. ಕೂಸಿನ ಹೊಟ್ಟೆಯಿಂದ ಕರುಳಿಗೆ ಹೋಗುವ ದಾರಿ ಹುಟ್ಟುವ ಮೊದಲೇ ಮುಚ್ಚಿದೆಯಂತೆ. ಹೊಟ್ಟೆಯೊಂದು, ಮುಚ್ಚಿದ ಕಡೆಯೊಂದು ಉಬ್ಬಿಕೊಂಡು ಎರಡು ಗುಳ್ಳೆಯಾಗಿವೆಯಂತೆ. ಕೂಸು ಒಳಗಿದ್ದಾಗ ಸುತ್ತಲಿನ ನೀರನ್ನು ನುಂಗುತ್ತಿರುತ್ತದೆ. ಇದು ನುಂಗಿದ್ದು ಮುಂದೆ ಹೋಗುತ್ತಿಲ್ಲ, ಅದಕ್ಕೇ ನೀಲಾಳ ಹೊಟ್ಟೆಯಲ್ಲಿ ನೀರು ಜಾಸ್ತಿಯಾಗಿ ಏಳನೆಯ ತಿಂಗಳಿಗೇ ಒಂಬತ್ತರಂತೆ ಕಾಣುತ್ತಿದೆ. ಹುಟ್ಟಿದ ಮೇಲೆ ಆಪರೇಷನ್ ಮಾಡಬೇಕಂತೆ.

"ಯಾರಿಗೆ ಆಪರೇಷನ್?" ಎಂದ ಗುರುಪಾದಪ್ಪ. "ನೀಲಾಗೇನ?"

"ಕೂಸಿಗೆ."

ಕಾಳವ್ವ ಫೋಟೋವನ್ನು ಮಗನ ಕೈಗೆ ತುರುಕಿದಳು. "ಹುಟ್ಟಿದ ಕೂಸಿನ ಹೊಟ್ಟಿ ಕೊಯ್ಯೂದಂತ. ಹುಟ್ಟೇ ಇಲ್ಲ ಇನ್ನಾ, ಆಗಲೇ ಕೊಯ್ಯಾಕ ನಿಂತಾರ. ನನ್ನ ಮನ್ಯಾಗ ಅದು ಆಗೂದಿಲ್ಲ."

ಡೊಂಬಿವಲಿಯ ಆ ಕಟ್ಟಡದ ಗೋಡೆಗಳು ತೆಳು. ಪಕ್ಕದ ಮನೆಯ ಲೋಲಾಕ್ಷಿ, ಉಡುಪಿ ಕಡೆಯವಳು, ಠಾಣೆಯ ಹೋಟೆಲೊಂದರ ಕ್ಯಾಶಿಯರನ ಹೆಂಡತಿ, ಅರ್ಧ ಕೇಳಿಸಿಕೊಂಡು ಉಳಿದರ್ಧಕ್ಕಾಗಿ ಬಾಗಿಲಿಗೇ ಬಂದಳು. "ಸೋನೋಗ್ರಫಿ ಮಾಡಿಸಿದ್ದಾ? ಗಂಡಂತಾ, ಹೆಣ್ಣಂತಾ? ಈಗ ಎಲ್ಲರೂ ಅದಕ್ಕೇ ಹೋಗುದಲ್ವಾ."

"ಅದನ್ನ ಕೇಳಾಕ ಹೋಗಿದ್ದಿಲ್ಲರಿ," ಎಂದಳು ನೀಲಾ. ಆ ದಿನ ಅವಳು ಆಡಿದ್ದು ಅಷ್ಟೇ.

*

ಕಾಳವ್ವನ ತಲೆಯಲ್ಲಿ ಉಳಿದದ್ದು ಎರಡೇ ಮಾತು. ಹೊಟ್ಟೆಯಲ್ಲಿ ನೀರು ಜಾಸ್ತಿ. ಕೂಸಿನ ದಾರಿ ಬಂದಾಗಿದೆ. ಡಾಕ್ಟರು ಏನಾದರೂ ಮಾಡಿಕೊಳ್ಳಲಿ, ಮನೆಯ ಹಿರಿಯಳಾಗಿ ತಾನು ಮಾಡಬೇಕಾದ್ದನ್ನು ಅವಳು ಮರುದಿನದಿಂದಲೇ ಶುರು ಮಾಡಿದಳು. ನೀರು ಜಾಸ್ತಿಯಾಗಿದ್ದರೆ ನೀರು ಕಡಿಮೆ ಕುಡಿಯಬೇಕು. ದಾರಿ ಬಂದಾಗಿದ್ದರೆ ಗಟ್ಟಿ ಪದಾರ್ಥ ಹೋಗಬಾರದು. ಇದರಲ್ಲಿ ತಪ್ಪೇನಿದೆ ಎಂಬುದು ಅವಳ ವಾದ. ಬೆಳಿಗ್ಗೆ ಒಂದು ಗ್ಲಾಸು ನೀರು, ಊಟಕ್ಕೆ ಅರ್ಧ, ಸಂಜೆ ಒಂದು. ಮಜ್ಜಿಗೆ ಬಂದ್. ಜೋಳದ ರೊಟ್ಟಿ ಬಂದ್. ಮಡಿಕೆ ಕಾಳಿನ ಪಲ್ಯ ಬಂದ್. ಶೇಂಗಾ ಚಟ್ನಿ ಡಬ್ಬಿ ಸಮೇತ ಮೇಲಿನ ಶೆಲ್ಫಿಗೆ ಹೋಯಿತು. ಮೂರು ಹೊತ್ತೂ ಚೆನ್ನಾಗಿ ಕಿವುಚಿದ ಅನ್ನ, ಬೆಲ್ಲ, ತುಪ್ಪ.

ಗುರುಪಾದಪ್ಪನಿಗೆ ಕಲ್ಯಾಣದ ಮಾರ್ಕೆಟ್ಟಿನಲ್ಲಿ ಜೋಳ, ಗುರೆಳ್ಳು, ಬ್ಯಾಡಗಿ ಮೆಣಸಿನಕಾಯಿಯ ಅಂಗಡಿ. ಜೋಳದ ವ್ಯಾಪಾರಿಯ ಸೊಸೆಗೆ ರೊಟ್ಟಿ ಇಲ್ಲ. ಸೊಸೆಯ ಬಾಯಲ್ಲಿ ನೀರೂರಬಾರದೆಂದು ಕಾಳವ್ವ ತಾನೂ ರೊಟ್ಟಿ ಬಿಟ್ಟಳು. ಅತ್ತೆ ಸೊಸೆ ಎದುರುಬದುರು ಕೂತು ಅನ್ನ ಕಿವುಚುವುದನ್ನು ನೋಡಿ ಸುವರ್ಣಾಳಿಗೆ ರೇಗಿತು.

"ಆಯಿ, ಬಾಳಾಚ್ಯಾ ಪೋಟಾತ ಭಾಕರಿ ಜಾತ ನಾಹೀ," ಎಂದಳು. ಡೊಂಬಿವಲಿಯಲ್ಲೇ ಹುಟ್ಟಿದ ಅವಳಿಗೆ ಸಿಟ್ಟು ಬಂದಾಗ ಬಾಯಿಗೆ ಬರುವುದು ಮರಾಠಿ.

"ಮರಾಠ್ಯಾಗ ಅಂದ್ರ ಖರೆ ಆಗತೈತೇನ? ಕೂಸಿನ ಹೊಟ್ಟಿಗೆ ರೊಟ್ಟಿ ಹೋಗೂದಿಲ್ಲಂತ. ನೀ ಒಳಗಿದ್ದಾಗ ನಾ ತಿಂದದ್ದ ತಿಂದೇ ನೀ ಇಷ್ಟುದ್ದ ಆಗೀದಿ."

"ಮತ್ತ ಹೊರಗ ಬಂದ ಮ್ಯಾಲ ಡಬ್ಬಿ ಹಾಲು ಕುಡಿಸಿದಿ," ಎಂದಳು ಸುವರ್ಣಾ. ಅವಳು ಡಬ್ಬಿ ಹಾಲು, ಶಂಕ್ರೆಪ್ಪ ಆಡಿನ ಹಾಲು. ಅದು ಆ ಮನೆಯ ಹಳೆಯ ತಮಾಷೆ. ಶಂಕ್ರೆಪ್ಪ ಚಲಿಸುವ ಲೋಕಲ್ ರೈಲಿಗೆ ಜಿಗಿದು ಹತ್ತುವುದು ಆಡಿನ ಹಾಲಿನಿಂದಲೇ ಎಂದು ಗುರುಪಾದಪ್ಪ ಎಷ್ಟೋ ಸಲ ನಗಾಡಿದ್ದ. ಕಾಳವ್ವ ಆ ತಮಾಷೆಗೆ ಎಂದೂ ನಕ್ಕಿರಲಿಲ್ಲ. ಯಾರೂ ಅದನ್ನು ಗಮನಿಸಿರಲಿಲ್ಲ.

ಏಪ್ರಿಲ್ಲಿನ ಬಿಸಿಲು ಏರಿತು. ನೀಲಾ ಮಧ್ಯಾಹ್ನ ಲೋಲಾಕ್ಷಿಯ ಮನೆಗೆ ಸೂಜಿ ಕೇಳುವ ನೆಪದಲ್ಲಿ ಹೋಗಿ, ಮಡಕೆಯ ಮುಂದೆ ನಿಂತು ಒಂದೇ ಉಸಿರಿಗೆ ಮೂರು ಗ್ಲಾಸು ಕುಡಿಯುತ್ತಿದ್ದಳು.

"ಎಂತದು ಮಾರಾಯ್ತಿ ಇದು? ಹೀಗೆ ಬಾಯಾರಿಸಿಕೊಂಡ್ರೆ ನಿಂಗೂ ಕಷ್ಟ, ಮಗುವಿಗೂ ಕಷ್ಟ. ನಿನ್ನ ಅತ್ತೆಗೆ ನಾನು ಹೇಳ್ತೇನೆ."

"ಬ್ಯಾಡ್ರಿ ಅಕ್ಕಾ. ಅವರು ಕೆಟ್ಟದ್ದಕ್ಕ ಮಾಡಾಕತ್ತಿಲ್ಲ." ಗ್ಲಾಸು ಕೆಳಗಿಟ್ಟು ಕೇಳಿದಳು, "ಅಕ್ಕಾ, ಒಂದ ವೇಳೆ ಅವರದ ಖರೆ ಇದ್ದರ? ನಾ ಕದ್ದ ಕುಡಿಯೂದರಿಂದಾನ ಕೂಸಿಗೆ ಹೆಚ್ಚು ಕಮ್ಮಿ ಆದರ?"

ಲೋಲಾಕ್ಷಿ ಬಾಯಿ ತೆರೆದಳು. ಮತ್ತೆ ಮುಚ್ಚಿಕೊಂಡು ಖಾಲಿ ಗ್ಲಾಸು ತೊಳೆಯಲು ಹೋದಳು. ಅವಳೂ ಡಾಕ್ಟರಲ್ಲವಲ್ಲ.

ಭಾನುವಾರ ಲೋಲಾಕ್ಷಿ ಮದುವೆಗೆಂದು ವಾಶಿಗೆ ಹೋಗಿದ್ದಳು. ಆ ದಿನ ಕದ್ದ ನೀರೂ ಇಲ್ಲ. ಸಂಜೆ ನಲ್ಲಿಗೆ ನೀರು ಬಂದಾಗ, ಡ್ರಮ್ಮಿಗೆ ಕೊಡ ಸುರಿಯುತ್ತಿದ್ದ ನೀಲಾ ಹಾಗೇ ಗೋಡೆಗೆ ಜಾರಿ ಕೂತಳು. ಸ್ಟೇಷನ್ ರಸ್ತೆಯ ಲೇಡಿ ಡಾಕ್ಟರು ಸಲೈನ್ ಹಚ್ಚಿ, ಕಾರಣ ಕೇಳಿ, ಶಂಕ್ರೆಪ್ಪನನ್ನು ಎಲ್ಲರೆದುರಿಗೆ ಬೈದರು. ಕುಡಿಯುವ ನೀರಿಗೂ ಹೊಟ್ಟೆಯಲ್ಲಿ ತುಂಬಿದ ನೀರಿಗೂ ಸಂಬಂಧವಿಲ್ಲ, ಎಂಟು ಹತ್ತು ಗ್ಲಾಸು ಕುಡಿಯಬೇಕು, ಮೊದಲಿನ ಹಾಗೆ ಎಲ್ಲ ತಿನ್ನಬೇಕು ಎಂದರು.

ಮನೆಗೆ ಬಂದ ಮೇಲೆ ಶಂಕ್ರೆಪ್ಪ ತಾಯಿಯ ಮೇಲೆ ಹರಿಹಾಯ್ದ. "ಆಕಿನ್ನ ಕೊಲ್ಲಾಕ ಹೊಂಟಿದ್ಯೇನವ್ವಾ?"

"ಒಬ್ಬಾಂವ ನೀರ ಜಾಸ್ತಿ ಅಂತಾನ, ಇನ್ನೊಬ್ಬಾಕಿ ನೀರ ಕುಡಿ ಅಂತಾಳ," ಎಂದಳು ಕಾಳವ್ವ. "ಅವರವರಾಗ ಒಂದ ಮಾತ ಇಲ್ಲ. ನಾ ಯಾರ ಮಾತ ಕೇಳ್ಲಿ, ಅದನ್ನರ ಹೇಳು."

ಆ ಪ್ರಶ್ನೆ ಅಷ್ಟೇನೂ ತಪ್ಪಲ್ಲ ಎಂದು ಗುರುಪಾದಪ್ಪನಿಗೆ ಅನಿಸಿತು. ಆದರೆ ಎರಡೂ ಕಡೆಯಿಂದ ಬೈಸಿಕೊಳ್ಳುವ ಧೈರ್ಯ ಅವನಿಗಿರಲಿಲ್ಲ. ಶೆಲ್ಫಿನ ಮೇಲಿನಿಂದ ಚಟ್ನಿ ಡಬ್ಬಿ ಇಳಿಸಿ ನೀಲಾಳ ಹತ್ತಿರ ಇಟ್ಟ.

*

ಆಮೇಲೆ ತವರಿನ ಜಗಳ. ಬಸಿರಿಯ ಕುಬಸದ ಶಾಸ್ತ್ರ ಆಗಿತ್ತು, ಇಳಕಲ್ಲಿನಿಂದ ನೀಲಾಳ ತಾಯಿ ಈರವ್ವ ಎರಡು ಕಾಗದ ಬರೆಸಿದ್ದಳು, ರೈಲಿನ ಟಿಕೀಟೂ ತೆಗೆಸಿಯಾಗಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಕಾಳವ್ವ. ಅಲ್ಲಿ ಹುಟ್ಟಿದರೆ ಆಪರೇಷನ್ ಯಾರು ಮಾಡುತ್ತಾರೆ, ಪರೇಲಿನ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕೆಂದು ಶಂಕ್ರೆಪ್ಪ. ಒಂದು ವಾರ ಆ ಮನೆಯಲ್ಲಿ ಊಟಕ್ಕೆ ಕೂತರೆ ಇದೇ ಮಾತು, ಎದ್ದರೆ ಇದೇ ಮಾತು.

"ಮಷೀನ್‌ನ್ಯಾಗ ಕಂಡದ್ದೆಲ್ಲಾ ಖರೆ ಅಂತ ಯಾರ ಹೇಳಿದ್ರು?" ಎಂದಳು ಕಾಳವ್ವ. "ಇಳಕಲ್ಲಿಗೆ ಹೋಗಿ ನೆಟ್ಟಗ ಹಡದರ, ನೀ ಮಷೀನಿಗೆ ಕೈ ಮುಗದು ಸುಮ್ನಾಗತಿ."

"ನೆಟ್ಟಗ ಇರದಿದ್ದರ?"

ಕಾಳವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

ಕೊನೆಗೆ ನೀಲಾಳೇ ಒಂದು ದಾರಿ ಹುಡುಕಿದಳು. "ಅತ್ತೀ, ನೀವ ಒಮ್ಮೆ ಪರೇಲಿನ ಡಾಕ್ಟರ ಮಾತ ಕೇಳ್ರಿ. ಕೇಳಿದ ಮ್ಯಾಲ ನೀವು ಹ್ಯಾಂಗಂತೀರಿ ಹಂಗ."

ಮಕ್ಕಳ ಆಪರೇಷನ್ ಮಾಡುವ ಡಾಕ್ಟರು ಶಂಕ್ರೆಪ್ಪನಿಗಿಂತ ನಾಲ್ಕು ವರ್ಷ ದೊಡ್ಡವರಿದ್ದಾರು. ಚೀಟಿಯ ಹಿಂದೆ ಪೆನ್ನಿನಿಂದ ಒಂದು ಕೊಳವೆ ಬರೆದರು, ನಡುವೆ ಅಡ್ಡಗೆರೆ ಎಳೆದರು, ಆ ಗೆರೆಯನ್ನು ದಾಟಿಸಿ ಎರಡು ತುದಿಯನ್ನು ಹೇಗೆ ಹೊಲಿಯುತ್ತಾರೆಂದು ಬರೆದು ತೋರಿಸಿದರು. ನಿಧಾನವಾದ ಹಿಂದಿಯಲ್ಲಿ ಹೇಳಿದರು. ಎಲ್ಲ ಕೂಸುಗಳೂ ಉಳಿಯುತ್ತವೆ ಎಂದು ಹೇಳಲಾರೆ, ಆದರೆ ಮೊದಲೇ ಗೊತ್ತಾಗಿದ್ದು ಒಳ್ಳೆಯದಾಯಿತು. ಹುಟ್ಟಿದ ಮೇಲೆ ಬಾಯಿಗೆ ಒಂದು ಹನಿಯೂ ಹಾಕಬಾರದು, ಜೇನೂ ಇಲ್ಲ, ಬೆಲ್ಲದ ನೀರೂ ಇಲ್ಲ, ಹಾಲೂ ಇಲ್ಲ. ಗೊತ್ತಾಗದೆ ಹುಟ್ಟಿದ ಕೂಸುಗಳು ಕುಡಿದದ್ದನ್ನೆಲ್ಲ ಹಸಿರಾಗಿ ಕಾರುತ್ತವೆ. ಹಳ್ಳಿಗಳಲ್ಲಿ ನಾಲ್ಕೈದು ದಿನ ಹೀಗೇ ಹೋಗಿಬಿಡುತ್ತದೆ.

"ಹಸರ ಅಂದ್ರ?" ಕಾಳವ್ವ ಮೊದಲ ಸಲ ಬಾಯಿಬಿಟ್ಟಳು. "ಕೇಳಾ ಶಂಕ್ರ್ಯಾ. ಬೇವಿನ ತೊಪ್ಪಲದ ರಸದಂಗೇನ?"

ಶಂಕ್ರೆಪ್ಪ ಕೇಳಿದ. ಡಾಕ್ಟರು ಅವಳ ಕಡೆ ತಿರುಗಿ, ಹೌದು, ಹಾಗೇ, ಎಂದರು.

ಹಿಂತಿರುಗುವಾಗ ಅತ್ತೆ ಸೊಸೆ ಹೆಂಗಸರ ಡಬ್ಬಿಯಲ್ಲಿ ಕೂತರು. ಸ್ಲೋ ಲೋಕಲ್ಲು. ಠಾಣೆ ದಾಟಿತು. ಮುಂಬ್ರಾದಲ್ಲಿ ಗುಡ್ಡದ ಬದಿಗೆ ಗಾಡಿ ನಿಂತಾಗ, ಎದುರಿನ ಹೆಂಗಸು ಬಿಡಿಸುತ್ತಿದ್ದ ಬಟಾಣಿಯನ್ನು ನೋಡುತ್ತಲೇ ಕಾಳವ್ವ ಹೇಳಿದಳು.

"ಶಂಕ್ರ್ಯಾನಕಿಂತ ಮದಲ ನನಗೊಂದ ಕೂಸಾಗಿತ್ತು."

ನೀಲಾ ತಿರುಗಿ ನೋಡಿದಳು.

"ಗಂಡ ಕೂಸು. ಹಾಲ ಕುಡಿಸಿದೆ. ಕುಡಿಸಿದಷ್ಟೂ ಕಾರಿಕೊಂಡ್ತು, ಹಸರಗ. ನಾಕನೇ ದಿನ ಹೋತು." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಮ್ಮತ್ತಿ ನನ್ನ ಹಾಲು ವಾಟ್ಯಾಗ ಹಿಂಡಿಸಿ, ಅದರಾಗ ಒಂದ ಇರಿವಿ ಬಿಟ್ಟಳು. ಇರಿವಿ ಸತ್ತಿತು. ಹಾಲಿನ್ಯಾಗ ವಿಷ ಐತಿ, ಹೆತ್ತಾಕೀನ ಕೂಸಿನ್ನ ತಿಂದ್ಲು ಅಂದಳು. ಅದಕ ಶಂಕ್ರ್ಯಾಗ ಆಡಿನ ಹಾಲು. ಸುವರ್ಣಾ ಇಲ್ಲಿ ಹುಟ್ಟಿದ್ಲು, ಡಬ್ಬಿ ಹಾಲು. ಇಬ್ಬರೂ ಹುಟ್ಟಿದಾಗ ಎದಿ ತುಂಬಿ ಬರತಿತ್ತು. ಎಲ್ಲಾ ಹಿಂಡಿ ಗ್ವಾಡಿಗೆ ಚೆಲ್ಲಿದೆ."

ನೀಲಾಳ ಕಣ್ಣು ತುಂಬಿತು. "ಅತ್ತೀ, ಆ ಕೂಸಿನ ದಾರಿನೂ ಮುಚ್ಚಿತ್ತೇನೋ. ಡಾಕ್ಟರ್ ಹೇಳಿದ್ದು ಅದನ್ನ ಅಲ್ಲೇನ್ರಿ?"

"ಮುಚ್ಚಿತ್ತೇನೋ," ಎಂದಳು ಕಾಳವ್ವ. "ನಂಗೂ ಅಲ್ಲಿ ಕೂತಾಗ ಹಂಗ ಅನಿಸ್ತು. ಆದ್ರ ಇರಿವಿ ಯಾಕ ಸಾಯಬೇಕಿತ್ತು?"

ಗಾಡಿ ಹೊರಟಿತು. ಮನೆಗೆ ಬಂದು ಕಾಲು ತೊಳೆದುಕೊಂಡು ಕಾಳವ್ವ ಎಲ್ಲರಿಗೂ ಕೇಳುವಂತೆ ಹೇಳಿದಳು: "ಇಳಕಲ್ಲಿನ ಟಿಕೀಟ ವಾಪಸ ಮಾಡು. ಪರೇಲಿನ್ಯಾಗ ಹಡೀಲಿ." ಗಂಡನಾಗಲಿ ಮಗನಾಗಲಿ ಕಾರಣ ಕೇಳಲು ಹೋಗಲಿಲ್ಲ, ಎಲ್ಲಿ ಮನಸ್ಸು ಬದಲಿಸಿಬಿಡುತ್ತಾಳೋ ಎಂಬ ಭಯ.

*

ಮೇ ತಿಂಗಳ ಕೊನೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಇಳಕಲ್ಲಿನಿಂದ ಬಂದ ಈರವ್ವ ಸಣ್ಣ ಬಾಟಲಿಯಲ್ಲಿ ಜೇನು ತಂದಿದ್ದಳು. ಕೂಸಿನ ಹತ್ತಿರ ಹೋಗುವ ಮೊದಲೇ ಕಾಳವ್ವ ಅದನ್ನು ಕಸಿದುಕೊಂಡು ತನ್ನ ಚೀಲಕ್ಕೆ ಹಾಕಿದಳು.

"ಒಂದ ಹನಿ ಬ್ಯಾಡ ಬೀಗತಿ. ಡಾಕ್ಟರ ಹೇಳ್ಯಾರ."

"ಬೆರಳಿಗೆ ಹಚ್ಚಿ ನೆಕ್ಕಸ್ತೀನವ್ವಾ, ಹುಟ್ಟಿದ ಕೂಸು ಒಣ ಬಾಯ್ಲೆ ಇರಬಾರದು."

"ಇರಲಿ. ಒಣ ಬಾಯ್ಲೆನಾ ಇರಲಿ."

ಎರಡನೆಯ ದಿನ ಆಪರೇಷನ್ ಆಯಿತು. ಮೂರು ತಾಸು. ಗುರುಪಾದಪ್ಪ ಅಂಗಡಿಗೆ ಬೀಗ ಹಾಕಿ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತ. ಮನೆಯಲ್ಲಿ ಸುವರ್ಣಾ ಮಾಡಿದ ರೊಟ್ಟಿ ಒಂದು ಕಡೆ ಹಸಿ, ಇನ್ನೊಂದು ಕಡೆ ಕರಕಲು. ಅದನ್ನೇ ಕಟ್ಟಿಕೊಂಡು ಬಂದಳು, ಎಲ್ಲರೂ ಅದನ್ನೇ ತಿಂದರು, ಯಾರಿಗೂ ರುಚಿ ತಿಳಿಯಲಿಲ್ಲ. ಆಪರೇಷನ್ ಸರಿಯಾಗಿದೆ, ಇನ್ನು ಕರುಳು ಕೆಲಸ ಮಾಡುವುದನ್ನು ಕಾಯಬೇಕು ಎಂದರು ಡಾಕ್ಟರು.

ಆ ಕಾಯುವುದೇ ಕಷ್ಟ. ಕೂಸಿನ ಮೂಗಿಗೆ ಹಾಕಿದ ನಳಿಕೆಯಿಂದ ಸಣ್ಣ ಬಾಟಲಿಗೆ ಹಸಿರು ನೀರು ಇಳಿಯುತ್ತಿತ್ತು. ಕಾಳವ್ವ ದಿನವೂ ಬೆಳಗಿನ ಗಾಡಿಗೆ ಬಂದವಳೇ ಮೊದಲು ಬಾಟಲಿ ನೋಡುತ್ತಿದ್ದಳು. ನೀಲಾಳ ಎದೆ ತುಂಬಿ ರವಿಕೆ ತೊಯ್ಯುತ್ತಿತ್ತು. ಹಾಲು ಬತ್ತಬಾರದು, ಮೂರು ತಾಸಿಗೊಮ್ಮೆ ಹಿಂಡಿ ಚೆಲ್ಲು ಎಂದು ನರ್ಸು ಹೇಳಿದ್ದಳು. ನೀಲಾ ವಾಟಿಗೆ ಹಿಂಡಿ ಬೇಸಿನ್ನಿಗೆ ಸುರಿಯುವಾಗ ಕಾಳವ್ವ ಎದ್ದು ಹೊರಗೆ ಹೋಗಿಬಿಡುತ್ತಿದ್ದಳು. ಒಮ್ಮೆ ಈರವ್ವ, "ಎಲ್ಲಿಗೆ ಹೊಂಟ್ರಿ?" ಎಂದು ಕೇಳಿದ್ದಕ್ಕೆ, "ಗಾಳಿಗೆ," ಎಂದಳು.

ಐದನೆಯ ದಿನಕ್ಕೆ ಬಾಟಲಿಯ ಹಸಿರು ತಿಳಿಯಾಯಿತು. ಎಂಟನೆಯ ದಿನ ಕೂಸಿನ ಬಟ್ಟೆ ಒದ್ದೆಯಾಗಿ ಹಳದಿಯಾಯಿತು. ಕರುಳಿನ ದಾರಿ ತೆರೆದಿತ್ತು. ನರ್ಸು ಆ ಬಟ್ಟೆಯನ್ನು ಎತ್ತಿ ತೋರಿಸಿದಾಗ ಕಾಳವ್ವ ಅದಕ್ಕೆ ಕೈ ಮುಗಿದಳು. ಗುರುಪಾದಪ್ಪ ಕಲ್ಯಾಣದ ಮಾರ್ಕೆಟ್ಟಿನಲ್ಲಿ ಪೇಢೆ ಹಂಚಿದ. ಏನು ಸಂತೋಷ ಎಂದು ಪಕ್ಕದಂಗಡಿಯವನು ಕೇಳಿದರೆ, ತಡೆದುಕೊಳ್ಳಲಾಗದೆ, "ಮೊಮ್ಮಗಳು ಎರಡಕ್ಕ ಹೋದ್ಲ್ರಿ," ಎಂದುಬಿಟ್ಟ. ಆ ಅಂಗಡಿಯವನು ಕೈಯಲ್ಲಿದ್ದ ಪೇಢೆ ತಿನ್ನಲೋ ಬೇಡವೋ ಎಂದು ನಿಂತ.

ಮೊದಲು ಚಮಚದಲ್ಲಿ, ಆಮೇಲೆ ಎದೆಗೆ ಹಚ್ಚಿ, ನೀಲಾ ಹಾಲು ಕುಡಿಸಿದಳು. ಇಪ್ಪತ್ತನೆಯ ದಿನ ಕೂಸು ಮನೆಗೆ ಬಂತು, ಈರವ್ವ ಇಳಕಲ್ಲಿಗೆ ಮರಳಿದಳು. ಸ್ವಲ್ಪ ಸ್ವಲ್ಪ ಕಾರಿಕೊಂಡರೆ ಹೆದರಬೇಡಿ, ಕುಡಿಸಿದ ಮೇಲೆ ಹೆಗಲಿಗೆ ಹಾಕಿ ಬೆನ್ನು ತಟ್ಟಿ, ಹಸಿರು ಕಂಡರೆ ಮಾತ್ರ ತಕ್ಷಣ ಬನ್ನಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

*

ಮನೆಗೆ ಬಂದ ನಾಲ್ಕನೆಯ ದಿನ, ಸೋಮವಾರ ಬೆಳಿಗ್ಗೆ, ಕೂಸು ಕುಡಿದ ಹಾಲನ್ನು ಕಾರಿಕೊಂಡಿತು. ಹತ್ತು ಗಂಟೆಗೆ ಮತ್ತೊಮ್ಮೆ.

"ಬೆಳ್ಳಗ ಐತಿ ಅತ್ತೀ," ಎಂದಳು ನೀಲಾ. "ಹಸರ ಇಲ್ಲ. ಹೆಗಲಿಗೆ ಹಾಕೂದು ತಡಾ ಆತು, ಅಷ್ಟ."

ನಾಲ್ಕನೆಯ ದಿನ ಎಂಬ ಮಾತೇ ಕಾಳವ್ವನ ಜೀವ ತೆಗೆಯುತ್ತಿತ್ತು. ನೀಲಾ ಸ್ನಾನಕ್ಕೆ ಹೋಗುವ ಮುಂಚೆ ತುಂಬಿ ನೋಯುತ್ತಿದ್ದ ಎದೆಯಿಂದ ಹಿಂಡಿಟ್ಟಿದ್ದ ಸ್ವಲ್ಪ ಹಾಲು ಕಟ್ಟೆಯ ಮೇಲಿನ ವಾಟಿಯಲ್ಲಿತ್ತು. ಸಕ್ಕರೆ ಡಬ್ಬಿಯ ಮುಚ್ಚಳದ ಸುತ್ತ ಇರುವೆ ಹರಿಯುತ್ತಿದ್ದವು. ಕಾಳವ್ವ ಒಂದನ್ನು ಬೆರಳಿನಿಂದ ಎತ್ತಿದಳು.

ನೀಲಾ ತಲೆ ಒರೆಸಿಕೊಳ್ಳುತ್ತ ಬಂದಾಗ ಅತ್ತೆ ವಾಟಿಯ ಮುಂದೆ ಕೂತಿದ್ದಳು. ಇರುವೆ ತೇಲುತ್ತಿತ್ತು, ಕಾಲು ಆಡುತ್ತಿರಲಿಲ್ಲ.

"ನಿಂದೂ ಹಂಗ ಐತಿ," ಎಂದಳು ಕಾಳವ್ವ. "ದಾರಿ ಅವರು ತೆಗದರು. ಹಾಲಿಗೆ ಅವರೇನ ಮಾಡ್ತಾರ? ಇದು ಈ ಮನಿಗೆ ಅಂಟಿದ್ದು. ಇನ್ನ ಕುಡಿಸಬ್ಯಾಡ ನೀಲಾ, ನಿನ್ನ ಕಾಲ ಬೀಳ್ತೀನಿ."

"ಕುಡಿಸ್ತೀನಿ," ಎಂದಳು ನೀಲಾ. ಮದುವೆಯಾದ ಮೇಲೆ ಅವಳು ಅತ್ತೆಗೆ ಎದುರಾಡಿದ್ದು ಅದೇ ಮೊದಲು. "ಎಂಟ ಹತ್ತ ದಿನ ಚೆಲ್ಲೀನಿ. ಇನ್ನ ಚೆಲ್ಲೂದಿಲ್ಲ. ನೀವು ಚೆಲ್ಲಿದ್ರಿ, ನಾ ಚೆಲ್ಲೂದಿಲ್ಲ."

ಶಂಕ್ರೆಪ್ಪ ರಜೆ ಹಾಕಿ ಮನೆಯಲ್ಲಿದ್ದ. ಏನೆಂದು ಕೇಳಿದ, ವಾಟಿ ನೋಡಿದ. ಇದೆಲ್ಲ ಹುಚ್ಚು ಎಂದು ಬಾಯಿ ಹೇಳುತ್ತಿತ್ತು. ಕಣ್ಣು ಇರುವೆಯ ಮೇಲಿತ್ತು. ಕೊನೆಗೆ, "ಎರಡ ದಿನ ಡಬ್ಬಿ ಹಾಲು ಕೊಟ್ಟು ನೋಡೂಣು, ಬುಧವಾರ ಡಾಕ್ಟರಿಗೆ ಕೇಳಿದರಾತು," ಎಂದು ಚಪ್ಪಲಿ ಮೆಟ್ಟಿ ಹೋಗಿ ಡಬ್ಬಿ ತಂದ. ಆ ಡಬ್ಬಿ ಕಂಡಾಗ ನೀಲಾಳಿಗೆ ಆದ ಅವಮಾನ ಅಷ್ಟಿಷ್ಟಲ್ಲ. ಕೂಸನ್ನು ಎತ್ತಿಕೊಂಡು ಒಳಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು. ಕುಡಿಸಲು ಅವಳಿಗೂ ಈಗ ಕೈ ಬರಲಿಲ್ಲ. ಕೂಸು ಅಳತೊಡಗಿತು.

ಸೋಮವಾರ ಮಾರ್ಕೆಟ್ಟಿಗೆ ರಜೆ. ಗುರುಪಾದಪ್ಪ ತರಕಾರಿ ಚೀಲ ಹಿಡಿದು ಬಂದಾಗ ಮನೆಯಲ್ಲಿ ಕೂಸಿನ ಅಳು ಬಿಟ್ಟರೆ ಬೇರೆ ಸದ್ದಿರಲಿಲ್ಲ. "ಕೂಸ್ಯಾಕ ಅಳತೈತಿ? ಹಸದೈತಿ, ಕುಡಿಸಬಾರದ?" ಎಂದ.

ಸುವರ್ಣಾ ಕಟ್ಟೆಯ ಕಡೆ ಕೈ ತೋರಿಸಿ, "ಬಾಬಾ, ತೇ ಬಘಾ," ಎಂದಳು.

ಗುರುಪಾದಪ್ಪ ಹೋಗಿ ನೋಡಿದ. ವಾಟಿ, ಹಾಲು, ಇರುವೆ. ತರಕಾರಿ ಚೀಲವನ್ನು ನೆಲಕ್ಕಿಡುವುದನ್ನು ಮರೆತು ಬಹಳ ಹೊತ್ತು ನಿಂತ. ಆ ನೋಟ ಅವನಿಗೆ ಗುರುತು ಸಿಕ್ಕಿತು.

"ಅವತ್ತ ಇರಿವಿ ಹಿಡದ ತಂದಾಂವ ನಾನ," ಎಂದ. "ಅವ್ವ ಹೇಳಿದ್ಲು, ಹಿಡಕೊಂಡ ಬಂದೆ. ಬೆಲ್ಲದ ಗಡಿಗಿ ಬುಡಕಿಂದ."

"ಗೊತ್ತೈತಿ ನನಗ," ಎಂದಳು ಕಾಳವ್ವ.

ಅವನು ಚೀಲ ಇಳಿಸಿದ. ಇ‌ನ್ನೊಂದು ವಾಟಿ ತೆಗೆದುಕೊಂಡು, ಬೆಳಿಗ್ಗೆ ಹಾಲಿನ ಭೈಯ್ಯಾ ಹಾಕಿ ಹೋದ ಎಮ್ಮೆಯ ಹಾಲನ್ನು ಪಾತೇಲಿಯಿಂದ ಅದಕ್ಕೆ ಸುರಿದ. ವ್ಯಾಪಾರಿಯ ಕೈ, ಒಂದು ಮಾಲನ್ನು ಇನ್ನೊಂದರ ಪಕ್ಕ ಇಟ್ಟು ನೋಡುವುದು ರೂಢಿ. ಸಕ್ಕರೆ ಡಬ್ಬಿಯ ಮೇಲಿನ ಇರುವೆಯೊಂದನ್ನು ಹಿಡಿಯಲು ಮೂರು ಸಲ ಪ್ರಯತ್ನಿಸಬೇಕಾಯಿತು. ಹಾಲಿಗೆ ಬಿಟ್ಟ. ಅದು ಸ್ವಲ್ಪ ಹೊತ್ತು ಕಾಲು ಬಡಿಯಿತು, ಸುತ್ತಿತು, ಅಂಚಿಗೆ ಹತ್ತಲು ನೋಡಿತು. ಆಮೇಲೆ ಸುಮ್ಮನಾಯಿತು.

"ಭೈಯ್ಯಾನ ಎಮ್ಮಿ ಹಾಲೂ ವಿಷ ಏನಾ?" ಎಂದ.

ಕಾಳವ್ವ ಬಗ್ಗಿ ನೋಡಿದಳು. ನಂಬಲಿಲ್ಲ. ಡಬ್ಬಿಯ ಮುಚ್ಚಳವನ್ನು ತಾನೇ ಚಮಚದಿಂದ ಮೀಟಿ ತೆಗೆದಳು, ಪುಡಿಯನ್ನು ಬಿಸಿನೀರಿಗೆ ಕದಡಿ, ಆರಿಸಿ, ಮೂರನೆಯ ವಾಟಿಗೆ ಹಾಕಿದಳು. ಇರುವೆಯನ್ನೂ ತಾನೇ ಹಿಡಿದಳು. ಎಲ್ಲರೂ ಸುತ್ತ ನಿಂತರು. ಒಳಗಿನಿಂದ ನೀಲಾಳೂ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತಳು. ಡಬ್ಬಿಯ ಹಾಲಿನಲ್ಲಿ ಇರುವೆ ಇನ್ನೂ ಬೇಗ ಮುಳುಗಿತು.

ಕಾಳವ್ವ ಮೂರೂ ವಾಟಿಗಳನ್ನು ಒಂದೊಂದಾಗಿ ನೋಡಿದಳು. ಯಾವುದು ಯಾವ ಹಾಲೆಂದು ಈಗ ಹೇಳುವುದೇ ಕಷ್ಟವಿತ್ತು.

"ಕುಡಸ ನೀಲಾ," ಎಂದಳು. "ಹಸದೈತಿ ಅದು. ಕುಡಸು."

ನೀಲಾ ಅಲ್ಲೇ ನೆಲದ ಮೇಲೆ ಕೂತು ಸೆರಗು ಮುಚ್ಚಿಕೊಂಡಳು. ಅಳು ನಿಂತಿತು. ಶಂಕ್ರೆಪ್ಪ ಡಬ್ಬಿಯ ಮುಚ್ಚಳವನ್ನು ಕೈಯಲ್ಲಿ ಹಿಡಿದು, ಅದನ್ನು ಹಾಕುವುದೋ ಬಿಡುವುದೋ ತಿಳಿಯದೆ ನಿಂತಿದ್ದ. ತಾನು ಆಡಿನ ಹಾಲು ಕುಡಿದದ್ದು ತಮಾಷೆಗಲ್ಲ ಎಂದು ಅವನಿಗೆ ಆಗಷ್ಟೇ ತಿಳಿಯುತ್ತಿತ್ತು.

ಕಾಳವ್ವ ವಾಟಿಗಳನ್ನು ಬಚ್ಚಲಿಗೆ ಒಯ್ದಳು. ಸುರಿದಳು, ಬೂದಿ ಹಚ್ಚಿ ತಿಕ್ಕಿದಳು, ತೊಳೆದಳು, ಮತ್ತೆ ತಿಕ್ಕಿದಳು. ಗುರುಪಾದಪ್ಪ ಹಿಂದೆ ಬಂದು ನಿಂತದ್ದು ಅವಳಿಗೆ ಗೊತ್ತಾಯಿತು, ತಿರುಗಲಿಲ್ಲ.

"ಅವತ್ತೂ ಮನ್ಯಾಗ ಎಮ್ಮಿ ಇತ್ತಲ್ರಿ," ಎಂದಳು.

"ಇತ್ತು."

"ಮುಂಜಾನೆ ಹಿಂಡಿದ ಹಾಲು ತಂಬಿಗಿ ತುಂಬ ಇತ್ತು, ನಾ ಬಾಣಂತಿ ಕ್ವಾಣ್ಯಾಗಿಂದ ನೋಡತಿದ್ದೆ. ಇನ್ನೊಂದ ವಾಟಿ ಇಡಾಕ ಒಬ್ಬರಿಗೂ ಹೊಳೀಲಿಲ್ಲ."

ಅವಳು ತೊಳೆದ ವಾಟಿಗಳನ್ನು ಒಂದೊಂದಾಗಿ ಹಿಂದಕ್ಕೆ ಚಾಚಿದಳು, ಅವನು ತೆಗೆದುಕೊಂಡ. ಒಳಗೆ ಕೂಸು ಕುಡಿಯುವ ಸದ್ದು ಕೇಳುತ್ತಿತ್ತು.